ಎರಡು ಮೊಳದ ಕಟ್ಟೆ

ನಮ್ಮ ಅಡುಗೆಮನೆಯ ಕಟ್ಟೆ ನೆಲದಿಂದ ಸರಿಯಾಗಿ ಎರಡು ಮೊಳ ಎತ್ತರ ಇದೆ. ಬಂದವರೆಲ್ಲ ಇಷ್ಟು ತಗ್ಗಾಗಿ ಯಾಕೆ ಕಟ್ಟಿಸಿದಿರಿ ಎಂದು ಕೇಳುತ್ತಾರೆ. ಕೇಳುವುದು ನ್ಯಾಯವೇ. ನಾನು ಎತ್ತರದ ಹೆಂಗಸು, ಮದುವೆಯಾಗಿ ಬಂದಾಗ ಊರ ಹೆಂಗಸರು ನನಗೆ ತೆಂಗಿನಮರ ಎಂದೇ ಹೆಸರಿಟ್ಟಿದ್ದರು. ಅಂಥವಳು ಇಷ್ಟು ವರ್ಷ ಬೆನ್ನು ಬಗ್ಗಿಸಿಕೊಂಡು ತರಕಾರಿ ಹೆಚ್ಚುತ್ತಿದ್ದೇನೆ. ಎರಡು ಮೊಳ ಅಂದರೆ ಇನ್ನೂ ಎತ್ತರ ಇರಬೇಕಲ್ಲ ಎಂದು ಲೆಕ್ಕ ಹಾಕುವವರಿಗೆ ನಾನು, ಮೊದಲು ಯಾರ ಮೊಳ ಅಂತ ಕೇಳಿ, ಅನ್ನುತ್ತೇನೆ. ಆ ಪ್ರಶ್ನೆಯನ್ನು ಹೊತ್ತಿಗೆ ಸರಿಯಾಗಿ ಕೇಳದೆ ನಾನು ಒಮ್ಮೆ ಒಂದು ಮನೆಯ ನೆಮ್ಮದಿಯನ್ನೇ ಕೆಡಿಸಿಬಿಡುವುದರಲ್ಲಿದ್ದೆ.

ಅಳೆಯುವ ಚಪಲ ನನಗೆ ಚಿಕ್ಕಂದಿನಿಂದ. ನಾನು ಬೆಳೆದದ್ದು ಚಿಕ್ಕಬಳ್ಳಾಪುರದಲ್ಲಿ. ಹೊಲಿಗೆ ಕಲಿಯಲು ಹೋಗುತ್ತಿದ್ದಾಗ ಕೊಂಡ ಟೇಪು ಸದಾ ಸೊಂಟದಲ್ಲಿ ಇರುತ್ತಿತ್ತು. ಕಿಟಕಿ, ಮಂಚ, ಅಜ್ಜಿಯ ಕುಂಕುಮದ ಪೆಟ್ಟಿಗೆ, ಬೆಕ್ಕಿನ ಬಾಲ, ಒಂದನ್ನೂ ಬಿಟ್ಟವಳಲ್ಲ. “ಇವಳ ಕೈಗೆ ಇನ್ನೊಂದು ಸ್ವಲ್ಪ ಉದ್ದದ ಟೇಪು ಕೊಟ್ರೆ ನಂದಿಬೆಟ್ಟಾನೂ ಬಿಡಲ್ಲ” ಎಂದು ಅಪ್ಪ ನಗುತ್ತಿದ್ದರು. ಐವತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಮದುವೆ ಆಯಿತು. ಟೇಪೂ ನನ್ನ ಜೊತೆ ಟ್ರಂಕಿನಲ್ಲಿ ಹೊರಟಿತು.

ಕೊಟ್ಟದ್ದು ದಿಬ್ಬೂರಹಳ್ಳಿಯ ಕಡೆಯ ಒಂದು ಹಳ್ಳಿಗೆ. ಹಿಪ್ಪುನೇರಳೆ ತೋಟ, ರಾಗಿ ಹೊಲ, ಮಾಳಿಗೆ ಮನೆ. ನಮ್ಮನೆಯವರು ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ಗುಮಾಸ್ತರು, ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗ್ಗೆ ಹೊರಟುಬಿಡುವರು. ಮಿಕ್ಕ ದಿನಗಳಲ್ಲಿ ಮನೆಯಲ್ಲಿ ಮಾವ, ಅತ್ತೆ, ನಾನು, ಮತ್ತೆ ನಡುಮನೆಯ ತಟ್ಟೆಗಳ ತುಂಬ ರೇಷ್ಮೆ ಹುಳು. ಮನೆಯಲ್ಲಿ ಹೆಚ್ಚು ಮರ್ಯಾದೆ ಯಾರಿಗೆ ಅಂದರೆ ಹುಳುವಿಗೆ. ಹುಳು ಜ್ವರಕ್ಕೆ ಹೋಗಿವೆ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿ ಮಲಗಿವೆ ಅಂದರೆ, ಮಾವ ತಾವೂ ಪಿಸುಮಾತಿನಲ್ಲಿ ಆಡುತ್ತಿದ್ದರು.

ಹೊಸ ಮನೆಯಲ್ಲಿ ನನಗೆ ಅರ್ಥವಾಗದ ಸಂಗತಿ ಒಂದಿತ್ತು. ಕಾಲಿಗೆ ಸಿಗುವ ಕಲ್ಲುಗಳು. ದೀಪದ ಗೂಡಿನ ಕೆಳಗೆ ಒಂದು ಚಪ್ಪಟೆ ಕಲ್ಲು. ಅಟ್ಟದ ಕೆಳಗೆ ಒಂದು ಒಡೆದ ಒರಳು, ಬೋರಲು ಹಾಕಿದ್ದು. ಬಟ್ಟೆ ಹಾಕುವ ಗಳುವಿನ ಕೆಳಗೆ ಇನ್ನೊಂದು ಕಲ್ಲು. ಬಂದ ವಾರದಲ್ಲೇ ನಾನು ಅವುಗಳಿಗೆ ಮೂರು ಸಲ ಎಡವಿದೆ. ಯಾಕಿವೆ ಎಂದು ಕೇಳಿದರೆ ಮಾವ, “ಅವು ಮೊದ್ಲಿಂದ್ಲೂ ಅಲ್ಲೇ ಅವೆ” ಎಂದರು.

ಅತ್ತೆ ಕುಳ್ಳು. ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಆದರೆ ಅವರ ದನಿ ಮೂರು ಮನೆ ದಾಟುತ್ತಿತ್ತು. ತವರು ಆಂಧ್ರದ ಗಡಿಯ ಕಡೆ. ಸಮಾಧಾನದಲ್ಲಿದ್ದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ಹೀಗಾಗಿ ಅವರ ಸಿಟ್ಟಿನ ಅಳತೆ ತಿಳಿಯಲು ನನಗೆ ಟೇಪು ಬೇಕಿರಲಿಲ್ಲ. ಅಡುಗೆಮನೆ ಎಂಟಡಿಗೆ ಏಳಡಿ, ಕಿಟಕಿ ಇಲ್ಲ, ಮಾಳಿಗೆಯಲ್ಲಿ ಅಂಗೈಯಗಲದ ಒಂದು ಬೆಳಕಿಂಡಿ. ನೆಲದ ಮೇಲೆ ಒಲೆ. ಆ ಹೊಗೆಯೊಳಗೆ ಅವರು ಮಣೆಯ ಮೇಲೆ ಕೂತು, ಪಾತ್ರೆಗೆ ಕವೆಕೋಲು ಸಿಕ್ಕಿಸಿ ಎರಡೂ ಪಾದಗಳಲ್ಲಿ ಅದುಮಿ ಹಿಡಿದು, ಮುದ್ದೆ ತೊಳಸುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಮುದ್ದೆಯಲ್ಲಿ ಒಂದು ಗಂಟು ಸಿಕ್ಕಿದ್ದು ನನಗೆ ನೆನಪಿಲ್ಲ.

ನಾನು ಬಂದ ಎರಡನೇ ಮುಂಗಾರಿನಲ್ಲಿ ಸೊಪ್ಪಿನ ಮಂಕರಿ ಹೊತ್ತು ಬರುವಾಗ ಅತ್ತೆ ತೋಟದ ಬದುವಿನ ಮೇಲೆ ಜಾರಿ ಬಿದ್ದರು. ಮಂಕರಿಯನ್ನು ಮಾತ್ರ ಬಿಟ್ಟಿರಲಿಲ್ಲ. ಚಿಂತಾಮಣಿಯಲ್ಲಿ ಮೂಳೆ ಕೂರಿಸುವವರೊಬ್ಬರು ಕಾಲಿಗೆ ಪಟ್ಟು ಹಾಕಿದರು. ಪಟ್ಟು ಬಿಚ್ಚಿದಾಗ ನೋವು ಹೋಗಿತ್ತು, ಮಂಡಿ ಮಾತ್ರ ಮಡಿಸಲು ಬರಲಿಲ್ಲ. ನಿಲ್ಲಬಹುದು, ಊರೆಲ್ಲ ಸುತ್ತಬಹುದು, ಎತ್ತರದ ಜಗಲಿಯ ಮೇಲೆ ಕಾಲು ನೀಡಿಕೊಂಡು ಕೂರಬಹುದು. ನೆಲದ ಮೇಲೆ ಕೂರುವಂತಿಲ್ಲ. ನಮ್ಮ ಒಲೆ ಇದ್ದದ್ದು ನೆಲದ ಮೇಲೆ.

ಇದರಲ್ಲೇನು, ಸೊಸೆ ಬೇಯಿಸಿ ಹಾಕುತ್ತಾಳೆ, ಅತ್ತೆ ಕೂತು ಉಣ್ಣಲಿ, ಅನ್ನಬಹುದು. ಊರವರೂ ಹಾಗೇ ಅಂದರು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಕಣಮ್ಮ” ಎಂದು ನನ್ನ ಬೆನ್ನು ತಟ್ಟಿದರು. ಆದರೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಕಜ್ಜಾಯದ ಮೊದಲ ಒಬ್ಬೆಯನ್ನು ಮನೆಯ ಹಿರಿ ಹೆಂಗಸೇ ಕರಿದು ತೆಗೆಯಬೇಕು. ಕೈಲಾಗದೆ ಸೊಸೆಗೆ ಬಿಟ್ಟರೆ ಅವತ್ತಿನಿಂದ ಒಲೆ ಸೊಸೆಯದು. ವಾಪಸ್ ಕೇಳುವಂತಿಲ್ಲ, ಇದು ಮಾಡು ಅದು ಮಾಡು ಅನ್ನುವಂತಿಲ್ಲ. ಕೊಟ್ಟದ್ದು ಉಣ್ಣಬೇಕು. ಅಮಾವಾಸ್ಯೆಗೆ ಇನ್ನು ಎರಡು ತಿಂಗಳಿತ್ತು.

ಒಂದು ಮಧ್ಯಾಹ್ನ ಅತ್ತೆ ಜಗಲಿಯ ಮೇಲೆ ಕಾಲು ನೀಡಿಕೊಂಡು ಕೂತು ಅವರ ಅತ್ತೆಯ ಸುದ್ದಿ ತೆಗೆದರು. ಆ ಅಜ್ಜಿಗೆ ಕಣ್ಣು ಮಂಜಾಗಿ ಒಂದು ಅಮಾವಾಸ್ಯೆಗೆ ಕಜ್ಜಾಯ ಕರಿಯಲು ಆಗಲಿಲ್ಲವಂತೆ. “ನಾನು ಕರಿದೆ. ಏನೋ ಗೆದ್ದೆ ಅಂದ್ಕೊಂಡೆ. ಅದಾದ್ಮೇಲೆ ಒಂಬತ್ತು ವರ್ಷ ಬದುಕಿದ್ರು ಆಯಮ್ಮ. ಒಂದಿನಾನೂ ಸಾರಿಗೆ ಉಪ್ಪು ಕಡ್ಮೆ ಅನ್ಲಿಲ್ಲ ಕಣೇ. ಎಷ್ಟೋ ಸಲ ಕಡ್ಮೆ ಆಗಿರ್ತಿತ್ತು. ಒಲೆ ಬಿಟ್ಟೋರು ಮಾತೂ ಬಿಟ್ರು.” ಇಷ್ಟು ಹೇಳಿ ಮೊಣಕಾಲನ್ನು ಒಂದು ಸಲ ಗುದ್ದಿಕೊಂಡರು.

ಸುಳ್ಳು ಹೇಳುವುದಿಲ್ಲ. ಅಡುಗೆಮನೆ ನನ್ನ ಕೈಗೆ ಬಂದ ಮೊದಲ ವಾರ ನನಗೆ ಹಿತವಾಗಿಯೇ ಇತ್ತು. ಡಬ್ಬಗಳನ್ನೆಲ್ಲ ಎತ್ತರದ ವರಸೆಯಲ್ಲಿ ಜೋಡಿಸಿ ಬೀಗಿದೆ. ಆಮೇಲೆ ನೋಡಿದರೆ ಅತ್ತೆ ನನ್ನ ಗಂಟು ಗಂಟು ಮುದ್ದೆಯನ್ನು ತುಟಿಪಿಟಕ್ಕೆನ್ನದೆ ನುಂಗುತ್ತಿದ್ದರು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಅದು ನನ್ನನ್ನು ಹೆದರಿಸಿತು.

ಚಿಕ್ಕಬಳ್ಳಾಪುರದಲ್ಲಿ ಆಗ ಹೊಸದಾಗಿ ಕಟ್ಟಿದ್ದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನನ್ನ ಗೆಳತಿಯೊಬ್ಬಳಿದ್ದಳು. ಅವಳ ಮನೆಯಲ್ಲಿ ನಿಂತು ಅಡುಗೆ ಮಾಡುವ ಕಟ್ಟೆ ಇತ್ತು. ನುಣ್ಣನೆಯ ಕರಿಕಲ್ಲು, ಪಕ್ಕದಲ್ಲಿ ತೊಳೆಯುವ ತೊಟ್ಟಿ, ಎದುರಿಗೆ ಕಿಟಕಿ. ತವರಿಗೆ ಹೋದಾಗೆಲ್ಲ ಅದನ್ನು ಅಳೆದು ಬಂದಿದ್ದೆ, ಸುಮ್ಮನೆ. ಆದರೆ ಅಲ್ಲಿ ಉರಿಯುತ್ತಿದ್ದದ್ದು ಸೀಮೆಎಣ್ಣೆಯ ಸ್ಟೌ. ನಮ್ಮಲ್ಲಿ ಹಿಪ್ಪುನೇರಳೆ ಕಡ್ಡಿ. ಕಟ್ಟೆಯ ಮೇಲೆ ಸೌದೆಯೊಲೆ ಇಟ್ಟರೆ ಹೊಗೆ ನೇರ ಮುಖಕ್ಕೆ.

ಇದಕ್ಕೆ ಉತ್ತರ ಸಿಕ್ಕಿದ್ದು ಶಿಡ್ಲಘಟ್ಟದಲ್ಲಿ. ರೇಷ್ಮೆ ಗೂಡು ಮಾರಲು ಹೊರಟಿದ್ದ ಮಾವನ ಗಾಡಿಯಲ್ಲಿ ಬಟ್ಟೆ ಕೊಳ್ಳುವ ನೆಪ ಹೇಳಿ ನಾನೂ ಹತ್ತಿದ್ದೆ. ಅಲ್ಲಿ ಗೂಡಿನಿಂದ ನೂಲು ಬಿಚ್ಚುವ ಒಂದು ಚಾವಡಿಯೊಳಗೆ ಇಣುಕಿದೆ. ಗೂಡು ಬೇಯಿಸುವ ಒಲೆ ನೆಲದ ಮೇಲಿರಲಿಲ್ಲ. ಸೊಂಟದ ಮಟ್ಟಕ್ಕೆ ಮಣ್ಣಿನಲ್ಲಿ ಕಟ್ಟಿ, ಪಾತ್ರೆಯನ್ನು ಅದರೊಳಕ್ಕೆ ಅರ್ಧ ಇಳಿಸಿ ಕೂರಿಸಿದ್ದರು. ಕೆಳಗಿಂದ ಸೌದೆ, ಹಿಂದಿನಿಂದ ಗೋಡೆಯೊಳಗೆ ಹೊಗೆಕೊಳವೆ. ಒಬ್ಬಾತ ನಿಂತುಕೊಂಡೇ ಗೂಡುಗಳನ್ನು ಅದುಮಿ ತಿರುವುತ್ತಿದ್ದ. ನಾನು ಅಲ್ಲೇ ನಿಂತುಬಿಟ್ಟೆ. ಹುಳುವಿನ ಗೂಡು ಬೇಯಿಸುವುದಕ್ಕೆ ಇಷ್ಟು ಯೋಚನೆ ಮಾಡಿದ ಜನ ಅನ್ನ ಬೇಯಿಸುವುದಕ್ಕೆ ಯಾಕೆ ಮಾಡಲಿಲ್ಲ? ಆತನನ್ನೇ ಕೇಳಿದೆ. “ಮನೆ ಒಲೇನ ಯಾರು ಕೇಳ್ತಾರಮ್ಮ?” ಎಂದ ಆತ, ನನ್ನ ಮುಖವನ್ನೂ ನೋಡದೆ.

ಮಾವನನ್ನು ಒಪ್ಪಿಸಲು ಅತ್ತೆಯ ಮಂಡಿಯ ಮಾತೆತ್ತಿದರೆ ಆಗದು ಎಂದು ನನಗೆ ಗೊತ್ತಿತ್ತು. ಅವರು ಕೆಟ್ಟವರಲ್ಲ. ಮಂಡಿ ಹೋಯಿತು, ದೇವರಿಚ್ಛೆ ಎಂದು ಸುಮ್ಮನಾಗಿದ್ದರು. ನಾನು ಬೇರೆ ದಾರಿ ಹಿಡಿದೆ. “ಮಾವ, ಒಲೆ ಹೊಗೆ ನಡುಮನೆಗೆ ನುಗ್ಗುತ್ತೆ. ಹೋದ ಬೆಳೇಲಿ ಹುಳ ಮೇವು ಬಿಟ್ಟಿದ್ದು ಅದಕ್ಕೇ ಇರಬೌದಾ? ಹೊಗೆ ಗೋಡೆ ಆಚೆಗೆ ಹೋಗಂಗೆ ಒಲೆ ಕಟ್ಟಿಸಿದ್ರೆ...” ಮಾವ ಎದ್ದು ಕೂತರು. ಹೆಂಡತಿಯ ಮಂಡಿಗೆ ಏಳದವರು ಹುಳುವಿನ ಮೂಗಿಗೆ ಎದ್ದರು. ಅಮಾವಾಸ್ಯೆ ಕಳೆದ ಮೇಲೆ ಹೊಸ ಮೊಟ್ಟೆ ತರುವುದು, ಅಲ್ಲಿಯವರೆಗೆ ಮನೆ ಖಾಲಿ, ಅಷ್ಟರೊಳಗೆ ಧೂಳಿನ ಕೆಲಸವೆಲ್ಲ ಮುಗಿಯಬೇಕು ಎಂದು ಕಟ್ಟುಮಾಡಿದರು. ಇನ್ನೂ ಒಂದು ಮಾತು ಹೇಳಿದರು. ಹೊಸದಾಗಿ ಏನೂ ಕೊಳ್ಳುವಂತಿಲ್ಲ.

ಕೊಳ್ಳದೆ ಕಟ್ಟುವುದು ಹೇಗೆ ಎಂಬುದೇ ನನಗೆ ಆಟವಾಯಿತು. ತೋಟದ ಬಾವಿಗೆ ಹಿಂದಿನ ವರ್ಷ ಕರೆಂಟು ಪಂಪು ಬಂದಿತ್ತು. ಎತ್ತು ಕಟ್ಟಿ ನೀರೆಳೆಯುತ್ತಿದ್ದ ಕಪಿಲೆ ಕೆಲಸ ಬಿಟ್ಟು ಬಿದ್ದಿತ್ತು. ತೊಗಲಿನ ಚೀಲ ಮೇಲೆ ಬಂದು ನೀರು ಸುರಿಯುತ್ತಿದ್ದ ಕಡೆ ಒಂದು ದೊಡ್ಡ ಚಪ್ಪಡಿ. ಎಷ್ಟೋ ವರ್ಷ ನೀರು ಬಿದ್ದೂ ಬಿದ್ದೂ ಅದು ನನ್ನ ಗೆಳತಿಯ ಕರಿಕಲ್ಲಿಗಿಂತ ನುಣ್ಣಗಾಗಿತ್ತು. ಒಂದು ಕಡೆಗೆ ತಾನೇ ಇಳಿಜಾರೂ ಆಗಿತ್ತು. ಪಾತ್ರೆ ತೊಳೆದ ನೀರು ಹರಿದುಹೋಗಲು ಇದಕ್ಕಿಂತ ಬೇಕೆ? ಹಗ್ಗ ಓಡುತ್ತಿದ್ದ ಮರದ ಗಾಲಿಯೂ ಅಲ್ಲೇ ಬಿದ್ದಿತ್ತು. ಅಳೆದೆ, ಎರಡಡಿ ಅಡ್ಡಗಲ. ಅದನ್ನು ಗೋಡೆಯಲ್ಲಿ ಕೂರಿಸಿದರೆ ಅರೆಕಾಲುಗಳೇ ಕಿಟಕಿಯ ಸರಳು. ಹೊಗೆಕೊಳವೆಗೆ ಸೀಳು ಬಿಟ್ಟ ಮಡಕೆಗಳ ತಳ ಒಡೆದು ಒಂದರೊಳಗೊಂದು ಕೂರಿಸಿ ಮಣ್ಣು ಮೆತ್ತುವುದು. ಇಟ್ಟಿಗೆ ನಾವೇ ಅಚ್ಚು ಹಾಕಿ ಬಿಸಿಲಿಗೆ ಒಣಗಿಸಿದ್ದು. ಶನಿವಾರ ಬಂದ ನಮ್ಮನೆಯವರಿಗೆ ಇದನ್ನೆಲ್ಲ ಚೀಟಿಯ ಮೇಲೆ ಬರೆದು ತೋರಿಸಿದೆ. “ನೀನು ಹೊಲಿಗೆ ಕಲಿಯೋ ಬದಲು ಓವರ್ಸಿಯರ್ ಆಗ್ಬೇಕಿತ್ತು” ಎಂದರು. ನಾನು ಇದನ್ನು ಹೊಗಳಿಕೆ ಎಂದೇ ತಗೊಂಡೆ.

ಎಲ್ಲವನ್ನೂ ಅಳೆದವಳು ಅತ್ತೆಯನ್ನು ಮಾತ್ರ ಅಳೆಯಲಿಲ್ಲ. ಅಳೆಯಲು ಹೋಗಿದ್ದೆ. ಅವರು ಮಧ್ಯಾಹ್ನ ಮಲಗಿದ್ದಾಗ ಟೇಪು ಹಿಡಿದು ಮೆಲ್ಲಗೆ ಪಕ್ಕಕ್ಕೆ ಹೋದೆ, ಕಾಲಿನಿಂದ ಸೊಂಟದವರೆಗೆ ನೋಡಿಕೊಂಡರೆ ಸಾಕು ಎಂದು. ಅವರಿಗೆ ಎಚ್ಚರವಾಯಿತು. “ಥೂ, ತೆಗಿಯೇ ಅದನ್ನ! ಮಲಗಿರೋರ ಅಳತೆ ತಗೀತಾರಾ? ಗುಂಡಿ ತೋಡಕ್ಕಾ?” ಮಲಗಿದವರನ್ನು ಅಳೆಯುವುದು ಸತ್ತಾಗ ಮಾತ್ರ ಎಂಬುದು ನನಗೂ ಗೊತ್ತಿದ್ದದ್ದೇ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ ಅಂದುಕೊಂಡು, ನಾಚಿಕೆಯಿಂದ ಟೇಪನ್ನು ಟ್ರಂಕಿಗೆ ಹಾಕಿ ಬೀಗ ಹಾಕಿದೆ.

ಮೇಸ್ತ್ರಿ ಬಂದರು. ಬಿಳಿ ಮೀಸೆಯ ಮುದುಕರು, ಈ ಮನೆಯನ್ನು ಕಟ್ಟಿದವರೂ ಅವರೇ. ಕಟ್ಟೆ ಎಷ್ಟೆತ್ತರ ಮಾಡಣ ಎಂದು ನಾನು ಕೇಳಿದ್ದಕ್ಕೆ, “ಅಳತೆ ಯೋಚ್ನೆ ನಿಮಗ್ಯಾಕೆ ತಾಯಿ, ಮನೆ ಕೋಲು ಐತಲ್ಲ” ಎಂದು ದೇವರ ಕೋಣೆಯ ಸೂರಿನಿಂದ ಒಂದು ಕೋಲು ಎಳೆದರು. ಅರಿಶಿನ ಮೆತ್ತಿದ್ದ ಹಳೆಯ ಕೋಲು. ಮನೆ ಕಟ್ಟುವಾಗ ಯಜಮಾನನ ಮೊಳಕೈಯಿಂದ ನಡುಬೆರಳ ತುದಿಯವರೆಗಿನ ಅಳತೆಗೆ ಒಂದು ಕೋಲು ಕತ್ತರಿಸಿ ಪೂಜೆ ಮಾಡಿ ಇಡುವುದು, ಆಮೇಲೆ ಆ ಮನೆಯಲ್ಲಿ ಏನು ಕಟ್ಟಿದರೂ ಅದೇ ಕೋಲಿನಲ್ಲಿ ಅಳೆಯುವುದು. ಬೇರೆ ಅಳತೆ ಬಂದರೆ ಮನೆಯ ಆಯ, ಅಂದರೆ ಶುಭದ ಲೆಕ್ಕ, ಕೆಡುತ್ತದೆ. ನಮ್ಮಪ್ಪ ಬಾಡಿಗೆ ಮನೆಯವರು, ಇದೆಲ್ಲ ನನಗೆ ಹೊಸದು. ಕೋಲನ್ನು ಮುಟ್ಟಿ ಮುಟ್ಟಿ ನೋಡಿದೆ. ಮೇಸ್ತ್ರಿ ಹೇಳಿದರು, “ನಿಂತು ಕೆಲ್ಸ ಮಾಡೋ ಕಟ್ಟೆಗೆ ಎರಡು ಮೊಳ. ಹಿಂದಿಂದ್ಲೂ ಲೆಕ್ಕ ಅದೇ.” ನಾನು ಮೊಳದ ಚಂದಕ್ಕೆ ಮರುಳಾಗಿ ತಲೆಯಾಡಿಸಿದೆ.

ಹದಿನೈದು ದಿನ ಮನೆ ಸಂತೆಯಾಯಿತು. ಅಡುಗೆ ಹಿತ್ತಲಿನ ಮೂರು ಕಲ್ಲಿನ ಒಲೆಗೆ ಹೋಯಿತು. ನಾಲ್ಕು ಆಳು ಚಪ್ಪಡಿಯನ್ನು ಗಳುವಿಗೆ ಕಟ್ಟಿ ಹೊತ್ತು ತಂದರು. ಗೋಡೆ ಕೊರೆದು ಗಾಲಿ ಕೂರಿಸಿದ ದಿನ ಅಡುಗೆಮನೆಯೊಳಗೆ ಮೊದಲ ಸಲ ಬಿಸಿಲು ಬಿತ್ತು, ಗೋಡೆಯ ಮೇಲೆ ಮೂವತ್ತು ವರ್ಷದ ಮಸಿ ಎಷ್ಟು ದಪ್ಪ ಇದೆ ಎಂದು ಎಲ್ಲರಿಗೂ ಕಂಡಿತು. ಅತ್ತೆ ಜಗಲಿ ಬಿಟ್ಟು ಬಾಗಿಲಿಗೆ ಬಂದು ನಿಂತರು. ಮೊದಲು ಮಾತಿಲ್ಲ. ಮೂರನೇ ದಿನ, “ಮೇಸ್ತ್ರಿ, ಉಪ್ಪಿನ ಮರಿಗೆಗೆ ಗೂಡು ಬಿಡ್ರಿ” ಎಂದರು. ಐದನೇ ದಿನ ಮಡಕೆಗಳ ಸಂದಿಗೆ ತಾವೇ ನಿಂತು ಮಣ್ಣು ಮೆತ್ತಿದರು. ರಾತ್ರಿ ಊಟದಲ್ಲಿ ನನ್ನ ಮುದ್ದೆ ಹಿಸುಕಿ, “ಇದೇನು ಮುದ್ದೇನಾ, ನೆಗ್ಗಿಲಮುಳ್ಳಾ?” ಎಂದು ಬೈದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಮಾವಾಸ್ಯೆಗೆ ಆರು ದಿನವಿರುವಾಗ ಕಟ್ಟೆ ಮುಗಿಯಿತು. ಒಂದು ಪಕ್ಕ ಚಪ್ಪಡಿ, ಇನ್ನೊಂದು ಪಕ್ಕ ಅದೇ ಮಟ್ಟಕ್ಕೆ ಮಣ್ಣಿನ ಒಲೆ, ಶಿಡ್ಲಘಟ್ಟದ ಒಲೆಯ ಹಾಗೆ ಪಾತ್ರೆ ಅರ್ಧ ಒಳಗೆ ಇಳಿಯುವಂತೆ. ಸಗಣಿ ಸಾರಿಸಿ, ರಂಗೋಲಿ ಎಳೆದು, ಅತ್ತೆಯೇ ಉರಿ ಹಚ್ಚಿದರು. ಹೊಗೆ ಮಡಕೆಗಳೊಳಗೆ ಹೊಕ್ಕು ಗೋಡೆಯಾಚೆ ಎದ್ದಿತು. ಮಾವ ಹಿತ್ತಲಲ್ಲಿ ನಿಂತು “ಬಂತು, ಬಂತು!” ಎಂದು ಕೂಗಿದರು. ಅತ್ತೆ ಎಸರಿಟ್ಟರು, ಹಿಟ್ಟು ಹಾಕಿದರು, ಮುದ್ದೆಯ ಕೋಲು ಎತ್ತಿದರು.

ಆಗ ಕಾಣಿಸಿತು. ಪಾತ್ರೆಯ ಬಾಯಿ ಅವರ ಗದ್ದದ ಮಟ್ಟಕ್ಕಿತ್ತು. ಕೋಲು ಹಿಡಿದ ಕೈಗಳು ಕಿವಿಯ ಪಕ್ಕಕ್ಕೆ ಹೋದವು. ಮುದ್ದೆಗೆ ಮೇಲಿಂದ ಭಾರ ಹಾಕಬೇಕು, ಅವರು ಕೆಳಗಿಂದ ನೇತಾಡುವಂತಾಯಿತು. ಎರಡು ಸಲ ತಿರುವಿದರು. ಕುದಿಯುವ ಹಿಟ್ಟು ಸಿಡಿದು ಕೆನ್ನೆಗೆ ಬಿತ್ತು. ಇಲ್ಲಿ ಕಾದ ಎಣ್ಣೆಯ ಬಾಣಲೆ ಇಟ್ಟು ಕಜ್ಜಾಯ ಕರಿಯುವುದು ಹೇಗೆ? ಅವರು ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಹಿಂದೆ ಸರಿದರು. ನನ್ನನ್ನು ಕಾಲಿಂದ ತಲೆಯವರೆಗೆ ಒಂದು ಸಲ ನೋಡಿದರು.

“ನಿನ್ನ ಎತ್ತರಕ್ಕೆ ಕಟ್ಟಿಸ್ಕೊಂಡೆ ಬಿಡಮ್ಮ. ಕೇಳಿದ್ರೆ ನಾನೇ ಕೊಡ್ತಿದ್ನಲ್ಲ, ಇಷ್ಟು ಕಷ್ಟ ಯಾಕೆ ಪಟ್ಟೆ?” ಕನ್ನಡದಲ್ಲೇ, ಮೆಲ್ಲಗೆ ಹೇಳಿದರು. ಆಮೇಲೆ ಹೊರಗೆ ಹೋಗುತ್ತಾ, “ನಾಕೇಮೊದ್ದು” ಎಂದರು. ನನಗೇನೂ ಬೇಡ ಎಂದು.

ನನಗೆ ಅಳುವೂ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಎರಡು ತಿಂಗಳು ನಾನು ಮಣ್ಣು ತುಳಿದದ್ದು ಒಲೆ ಕಿತ್ತುಕೊಳ್ಳಲು ಎಂದುಬಿಟ್ಟರಲ್ಲ! ಹಿತ್ತಲಿಗೆ ಹೋಗಿ ಅತ್ತೆ, ಮಾವ, ಮೇಸ್ತ್ರಿ, ಮೂವರನ್ನೂ ಮನಸಾರೆ ಬೈದೆ. ಬೈದು ಮುಗಿದ ಮೇಲೆ ತಲೆಯೊಳಗೆ ಒಂದು ಹುಳು ಕೊರೆಯತೊಡಗಿತು. ಎರಡು ಮೊಳ ಹಿಂದಿನಿಂದಲೂ ಬಂದ ಲೆಕ್ಕ ಎಂದು ಮೇಸ್ತ್ರಿ ಹೇಳಿದ್ದರು. ಹಿಂದಿನವರು ದಡ್ಡರಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಟ್ರಂಕು ತೆಗೆದು ಟೇಪು ತಂದು ಮನೆ ಕೋಲನ್ನು ಅಳೆದೆ. ಇಪ್ಪತ್ತು ಕಾಲು ಅಂಗುಲ. ಮಾವ ಆರಡಿ ಆಳು, ಅವರ ಮೊಳ ಅಷ್ಟಿರಲೇಬೇಕು. ನನ್ನ ಮೊಳ ಅಳೆದುಕೊಂಡೆ, ಹದಿನೆಂಟು. ಅಂದರೆ ಕಟ್ಟೆ ನನಗೂ ಎತ್ತರವೇ. ನನ್ನದೇ ಎರಡು ಮೊಳವನ್ನು ನೆಲದಿಂದ ಹಿಡಿದು ನೋಡಿದರೆ ಸರಿಯಾಗಿ ನನ್ನ ಕೈಗೆ ಒಗ್ಗುವಲ್ಲಿ ನಿಂತಿತು. ಲೆಕ್ಕ ಸರಿಯಾಗಿಯೇ ಇತ್ತು. ಕೈ ಬೇರೆಯವರದಾಗಿತ್ತು.

ಮಾರನೆಯ ಬೆಳಗ್ಗೆ ಮೇಸ್ತ್ರಿ ಸಾಮಾನು ಒಯ್ಯಲು ಬಂದಾಗ ಎಲ್ಲರೆದುರಿಗೇ ಹೇಳಿದೆ. ಕಟ್ಟೆ ಇಳಿಸಬೇಕು, ಅತ್ತೆಯ ಮೊಳದಲ್ಲಿ ಅಳೆಯಬೇಕು. ಮಾವ ಒಪ್ಪಲಿಲ್ಲ. “ಮನೆಗೆ ಒಂದೇ ಕೋಲು. ಎರಡು ಕೋಲು ಬಂದ್ರೆ ಆಯ ಕೆಡ್ತದೆ. ಆ ಕಟ್ಟೇಲಿ ಏನು ತಪ್ಪೈತೆ?”

ಜಗಲಿಯಿಂದ ಅತ್ತೆಯ ದನಿ ಬಂತು. “ತಪ್ಪಿಲ್ಲ ಅನ್ನೋರು ಹೋಗಿ ನಿಂತು ನೋಡ್ಲಿ.”

ಮಾವನಿಗೆ ರೋಷ ಬಂತು. ತಲೆ ಬಗ್ಗಿಸಿ ಅಡುಗೆಮನೆಯೊಳಗೆ ಹೊಕ್ಕರು. ನಾನು ಬಂದ ಮೇಲೆ ಅವರು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಕಟ್ಟೆಯ ಮುಂದೆ ನಿಂತು ಚಪ್ಪಡಿಯ ಮೇಲೆ ಅಂಗೈ ಊರಿದರು. ಮುದ್ದೆಯ ಕೋಲು ತೆಗೆದುಕೊಂಡು ಖಾಲಿ ಪಾತ್ರೆಯಲ್ಲಿ ನಾಲ್ಕು ಸುತ್ತು ತಿರುವಿದರು. ಮುಖ ಅರಳಿತು. “ಸರಿಯಾಗೇ ಐತಲ್ಲ! ಎಷ್ಟು ಸಲೀಸಾಗೈತೆ!”

“ಯಜಮಾನ್ರಿಗೆ ಹೇಳಿ ಮಾಡಿಸಿದಂಗೈತೆ” ಎಂದರು ಮೇಸ್ತ್ರಿ.

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಮೇಸ್ತ್ರಿಗೂ ನಗು ಬಂತು. ಮಾವ ಕೋಲು ಹಿಡಿದುಕೊಂಡೇ ನಮ್ಮನ್ನು ನೋಡಿದರು, ಕೋಲನ್ನು ನೋಡಿದರು, ಅವರಿಗೂ ಮೀಸೆಯಡಿ ನಗು ಬಂತು. ಅತ್ತೆ ಮಾತ್ರ ನಗಲಿಲ್ಲ. ನಿಧಾನವಾಗಿ ಬಾಗಿಲಿಗೆ ಬಂದು ನಿಂತರು.

“ಹದಿಮೂರು ವರ್ಷಕ್ಕೆ ಕೈ ಹಿಡಿದು ಬಂದೋಳು ನಾನು. ಈ ಮನೆ ಕಟ್ಟಿದ್ಮೇಲೆ ದೀಪದ ಗೂಡು ನಿಮ್ಮ ಅಳತೆ, ಅಟ್ಟ ನಿಮ್ಮ ಅಳತೆ, ಬಟ್ಟೆ ಗಳ ನಿಮ್ಮ ಅಳತೆ. ಗೂಡಲ್ಲಿ ದಿನಾ ದೀಪ ಹಚ್ಚಿದ್ದು ಯಾರು? ಕಲ್ಲು ಹತ್ತಿ ಹಚ್ಚಿದ್ದೀನಿ. ಒರಳು ಹತ್ತಿ ರಾಗಿ ಇಳಿಸಿದ್ದೀನಿ. ಒಂದು ಮಾತು ಅಂದಿಲ್ಲ. ಈಗ ಈ ಕಾಲಲ್ಲಿ ಕಲ್ಲು ಹತ್ತಕ್ಕಾಗಲ್ಲ.”

ನಾನು ಎಡವಿದ್ದ ಕಲ್ಲುಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಎಲ್ಲವನ್ನೂ ಅಳೆಯುವ ಜಾಣೆ ನಾನು, ಒಂದೂವರೆ ವರ್ಷ ಅವುಗಳ ಮೇಲೆ ಕಾಲು ಜಜ್ಜಿಕೊಂಡೂ ನನಗೆ ಹೊಳೆದಿರಲಿಲ್ಲ. ಮಾವ ದೀಪದ ಗೂಡಿನ ಕಡೆ ಹೋಗಿ ಅದರ ಕೆಳಗಿನ ಕಲ್ಲನ್ನು ನೋಡಿದರು. ಆ ಕಲ್ಲು ನಡುವೆ ಸವೆದು ಎರಡು ಪಾದದಷ್ಟು ತಗ್ಗಾಗಿತ್ತು. ಅಲ್ಲಿಂದ ಸೀದಾ ತೋಟಕ್ಕೆ ಹೋದರು. ಸಿಟ್ಟಾದರು ಎಂದುಕೊಂಡೆವು.

ಸ್ವಲ್ಪ ಹೊತ್ತಿಗೆ ಕುಡುಗೋಲು ಮತ್ತು ಹಿಪ್ಪುನೇರಳೆಯ ಒಂದು ನೆಟ್ಟನೆಯ ಕೊಂಬೆ ಹಿಡಿದು ಬಂದರು. ಜಗಲಿಯ ಮೇಲೆ ಕೂತಿದ್ದ ಅತ್ತೆಯ ಪಕ್ಕ ಕೂತು, “ಕೈ ಚಾಚು” ಎಂದರು.

ಅತ್ತೆ ನನ್ನ ಕಡೆ ನೋಡಿದರು. ಅಳತೆ ಎಂದರೆ ಹೆದರುವವರು. “ಕೂತಿದ್ದೀನಲ್ಲ, ಪರ್ವಾಗಿಲ್ಲ ಅಲ್ವೇನೇ?” ಎಂದು ಕೇಳಿದರು. ಪರವಾಗಿಲ್ಲ ಎಂದೆ. ಬಳೆ ಹಿಂದಕ್ಕೆ ಸರಿಸಿ ಕಲ್ಲಿನ ಮೇಲೆ ಕೈ ಚಾಚಿದರು. ಮಾವ ಕೊಂಬೆಯನ್ನು ಪಕ್ಕಕ್ಕಿಟ್ಟು ಮೊಳಕೈಯ ಹತ್ತಿರ ಒಂದು ಗುರುತು, ನಡುಬೆರಳಿನ ಹತ್ತಿರ ಒಂದು ಗುರುತು ಹಾಕಿದರು. ಕತ್ತರಿಸುವ ಮುಂಚೆ ಇನ್ನೊಂದು ಸಲ ಇಟ್ಟು ನೋಡಿದರು. ನಾನು ಟೇಪು ಹಿಡಿದೆ, ಹದಿನಾರು ಅಂಗುಲ. ಅತ್ತೆ ಅರಿಶಿನ ಹಚ್ಚಿ ಕೋಲನ್ನು ಮೇಸ್ತ್ರಿಗೆ ಕೊಟ್ಟರು. ಆಯದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಚಪ್ಪಡಿ ಎತ್ತಿ ಎರಡು ವರಸೆ ಇಟ್ಟಿಗೆ ತೆಗೆದು ಒಲೆಯನ್ನು ಮತ್ತೆ ಕಟ್ಟುವಷ್ಟರಲ್ಲಿ ಅಮಾವಾಸ್ಯೆ ಬಂದೇಬಿಟ್ಟಿತು. ಒಲೆಯ ಮಣ್ಣು ಇನ್ನೂ ಹಸಿ, ಬೆಳಗಿನಿಂದ ಸಣ್ಣ ಉರಿ ಇಟ್ಟು ಒಣಗಿಸಿದೆವು. ಮಧ್ಯಾಹ್ನ ಅತ್ತೆ ಮಿಂದು ಬಂದು ಕಟ್ಟೆಯ ಮುಂದೆ ನಿಂತರು. ಬಾಣಲೆ ಅವರ ಮೊಳಕೈಯ ಕೆಳಗೆ ಕೂತಿತ್ತು. ಗಾಲಿ ಕಿಟಕಿಯ ಬಿಸಿಲು ಎಣ್ಣೆಯ ಮೇಲೆ ಬಿದ್ದು, ಹದ ಕಾದಿದೆಯೇ ಇಲ್ಲವೇ ಎಂದು ಕಣ್ಣಿಗೇ ಕಾಣುತ್ತಿತ್ತು. ಮೊದಲ ಕಜ್ಜಾಯ ತಟ್ಟಿ ಬಿಟ್ಟರು. ಅದು ಮುಳುಗಿ ಎದ್ದಿತು. ತಿರುವಿ, ಅದುಮಿ, ಎಣ್ಣೆ ಬಸಿದು ಬಾಳೆಲೆಯ ಮೇಲೆ ಹಾಕಿದರು. ಒಬ್ಬೆ ಮುಗಿಯುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನಗೆ ಅಲ್ಲಿಂದಲೇ, “ಅಲ್ಲೇನು ನೋಡ್ತೀಯೇ ತೆಂಗಿನಮರ, ಹೋಗಿ ಸಾರು ನೋಡು” ಎಂದು ಗದರಿದರು. ಹಿತ್ತಲ ಒಲೆಯ ಸಾರನ್ನು ನನಗೆ ಬಿಟ್ಟಿದ್ದರು.

ಎಡೆ ಇಟ್ಟಾಯಿತು, ಗಂಡಸರ ಊಟ ಆಯಿತು. ಕಡೆಗೆ ನಾವಿಬ್ಬರು. ಅತ್ತೆ ಜಗಲಿಯ ಅಂಚಿನಲ್ಲಿ ಕಾಲು ನೀಡಿಕೊಂಡು ಕೂತರು, ತಟ್ಟೆಯನ್ನು ಪಕ್ಕದಲ್ಲಿಟ್ಟೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ಇನ್ನೊಂದು ತುತ್ತು ಅದ್ದಿದರು.

“ಉಪ್ಪು ಕಡ್ಮೆ ಕಣೇ” ಎಂದರು, ಮೂರು ಮನೆಗೆ ಕೇಳುವಂತೆ.

ನಾನು ಎದ್ದು ಓಡಿದೆ. ಅವರು ಹೇಳಿ ಬಿಡಿಸಿದ್ದ ಗೂಡಿನಿಂದ ಉಪ್ಪಿನ ಮರಿಗೆಯನ್ನೇ ಎತ್ತಿಕೊಂಡು ಬಂದೆ. ಅಷ್ಟು ಸಂತೋಷದಿಂದ ನಾನು ಯಾರಿಗೂ ಉಪ್ಪು ಬಡಿಸಿದ್ದಿಲ್ಲ.